ಕಾಟಯ್ಯನ ತಾಮ್ರದ ಚೊಂಬು

ನಮ್ಮಜ್ಜನ ಅಜ್ಜನಿಗೆ ಇನ್ನೂ ಹಾಲುಹಲ್ಲು ಹುಟ್ಟದ ಕಾಲ. ಆಗ ಕರಡಪುರ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಎಲ್ಲವೂ ಹುಲ್ಲು. ಮನೆಗೆ ಹುಲ್ಲಿನ ಸೂರು, ಗುಡಿಗೆ ಹುಲ್ಲಿನ ಸೂರು, ಅರಮನೆಗೂ ಹುಲ್ಲಿನ ಸೂರು. ರಾಜನ ತಲೆಯ ಮೇಲೆ ಮಾತ್ರ ಚಿನ್ನ, ಅದನ್ನೂ ಸೆಕೆ ಅಂತ ತೆಗೆದಿಡುತ್ತಿದ್ದ. ಇಂಥ ಊರಲ್ಲಿ ಸಾರಿಗೆ ಒಗ್ಗರಣೆ ಹಾಕುವುದಕ್ಕೂ ಗುಂಡಿಗೆ ಬೇಕು.

ಅದಕ್ಕೇ ಅಲ್ಲಿ ಬೆಂಕಿಪಡೆ ಇತ್ತು. ಹನ್ನೆರಡು ಮಂದಿ, ಅವರ ಮೇಲೊಬ್ಬ ನಾಯಕ. ಬೆಂಕಿ ಬಿದ್ದರೆ ನಾಯಕ ಕೊಂಬು ಊದುತ್ತಿದ್ದ. ಊರ ಜನ ಕೆರೆಯಿಂದ ಸಾಲಾಗಿ ನಿಂತು ಕೈಯಿಂದ ಕೈಗೆ ಬಿಂದಿಗೆ ದಾಟಿಸುತ್ತಿದ್ದರು. ಹನ್ನೆರಡು ಮಂದಿ ಒಳಗೆ ನುಗ್ಗಿ ಸುರಿಯುತ್ತಿದ್ದರು. ನಾಯಕ ಮಾತ್ರ ಒಳಗೆ ಹೋಗುವಂತಿಲ್ಲ. ಹೊಸಿಲಾಚೆ ನಿಂತು ಎಣಿಸಬೇಕು. ಬೆಂಕಿ ಆರಿದ ಮೇಲೆ ಒಬ್ಬೊಬ್ಬರ ಹೆಸರು ಕೂಗಬೇಕು. ಅವರು "ಇದ್ದೀನಿ" ಅನ್ನಬೇಕು. ಆಮೇಲೆ ತಾಮ್ರದ ಚೊಂಬಿನಿಂದ ಒಬ್ಬೊಬ್ಬರಿಗೂ ತನ್ನ ಕೈಯಾರೆ ಒಂದೊಂದು ಗುಟುಕು ನೀರು ಕುಡಿಸಬೇಕು. ಅಲ್ಲಿಗೆ ಕೆಲಸ ಮುಗಿಯಿತು.

ಆ ಹನ್ನೆರಡರಲ್ಲಿ ಸಣ್ಣೀರ ಅಂತ ಒಬ್ಬನಿದ್ದ. ಮದುವೆಯಾದರೂ ಬುದ್ಧಿ ಬಂದಿರಲಿಲ್ಲ. ನಾಯಕನ ಪೇಟದೊಳಗೆ ಕಪ್ಪೆ ಬಿಡುವುದು, ರಾಜನ ಕುದುರೆಯ ಬಾಲಕ್ಕೆ ಗೆಜ್ಜೆ ಕಟ್ಟುವುದು, ಇವೇ ಅವನ ಕಸುಬು. ಹೆಸರು ಕೂಗಿದರೆ ಎಲ್ಲರೂ "ಇದ್ದೀನಿ" ಅಂದರೆ ಇವನು "ಇಲ್ಲ, ಊರಿಗೆ ಹೋಗಿದಾನೆ" ಅನ್ನುತ್ತಿದ್ದ. ಹಳೆ ನಾಯಕ ಕಾಟಯ್ಯ ಪ್ರತಿ ಸಲವೂ ಅವನ ಬೆನ್ನಿಗೊಂದು ಗುದ್ದು ಕೊಟ್ಟೇ ನೀರು ಕುಡಿಸುತ್ತಿದ್ದ.

ಕಾಡಿನಾಚೆ ಉರಿನಾಲಿಗ ಅನ್ನುವ ಮಾಂತ್ರಿಕನಿದ್ದ. ನಾವು ಅನ್ನ ತಿಂದಂತೆ ಅವನು ಊರು ತಿನ್ನುತ್ತಿದ್ದ. ಕರಡಪುರ ಅಂದರೆ ಅವನಿಗೆ ಹಬ್ಬದೂಟ. ಕಾಟಯ್ಯ ಇರುವವರೆಗೂ ಅವನ ಆಟ ನಡೆಯಲಿಲ್ಲ. ಆದರೆ ಕಾಟಯ್ಯನಿಗೂ ವಯಸ್ಸಾಯಿತು. ನಲವತ್ತು ವರ್ಷದ ಹೊಗೆ ಎದೆಯಲ್ಲಿ ಕೂತಿತ್ತು. ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದ.

ಸಾಯುವ ಮುಂಚೆ ಚೊಂಬನ್ನು ದ್ಯಾವಕ್ಕನ ಕೈಗಿಟ್ಟ. ದ್ಯಾವಕ್ಕ ನೀರಿನ ಸಾಲಿನಲ್ಲಿ ಬಿಂದಿಗೆ ದಾಟಿಸುತ್ತಿದ್ದ ಹೆಂಗಸು.

"ನನಗೆ ಯಾಕಯ್ಯ? ಬೆಂಕಿ ಕಂಡರೆ ನನ್ನ ಕಾಲು ನಡುಗ್ತದೆ" ಅಂದಳು.

"ಅದಕ್ಕೇ ಮಗಾ ನಿನಗೆ ಕೊಡ್ತಿರೋದು. ಹೆದರೋರು ಎಣಿಸ್ತಾರೆ. ಹೆದರದೆ ಇರೋರು ಎಣಿಸೋದು ಮರೀತಾರೆ. ಈ ಚೊಂಬು ಮಾತ್ರ ಕೈ ಬಿಡಬೇಡ. ನೀರಂದ್ರೆ ಬೆಂಕಿಗೆ ಸಾವು, ಮನುಷ್ಯನಿಗೆ ಜೀವ. ಅಷ್ಟು ನೆನಪಿಟ್ಕೊ" ಅಂದು ಕಣ್ಣು ಮುಚ್ಚಿದ.

ಪಡೆಯಲ್ಲಿ ಎಲ್ಲರಿಗಿಂತ ಹಿರಿಯ ಮೀಸೆ ಭರಮಣ್ಣ. ಚೊಂಬು ತನಗೇ ಬರುತ್ತದೆ ಅಂತ ಮೀಸೆಗೆ ಬೆಣ್ಣೆ ಸವರಿಕೊಂಡು ಕಾದಿದ್ದ. ಬರಲಿಲ್ಲ.

"ಸರಿ ಬಿಡು. ಇನ್ನುಮೇಲೆ ಬೆಂಕಿ ಬಿದ್ದರೆ ನಾಯಕಿಯ ಹಲ್ಲು ಕಟಕಟ ಅನ್ನೋದು ಕೇಳಿಸ್ತದಲ್ಲ, ಕೊಂಬು ಯಾಕೆ ಬೇಕು" ಅಂದ. ಎಲ್ಲರೂ ನಕ್ಕರು. ದ್ಯಾವಕ್ಕನೂ ನಕ್ಕಳು, ಹಲ್ಲು ಕಟಕಟ ಅನ್ನುತ್ತಿರುವುದು ಗೊತ್ತಾಗದಿರಲಿ ಅಂತ.

ಮೊದಲನೆಯ ಬೆಂಕಿ ಕುಂಬಾರನ ಮನೆಗೆ ಬಿತ್ತು. ನಡುಮಧ್ಯಾಹ್ನ. ಬೆಂಕಿಯ ಹುಂಜವೊಂದು ಸೂರಿನ ಮೇಲೆ ಕೂತು ಕೂಗಿತು. ಅದು ಒಂದು ಸಲ ಕೂಗಿದರೆ ಒಂದು ಸೂರು ಭಗ್ಗನೆ ಹತ್ತುತ್ತಿತ್ತು. ದ್ಯಾವಕ್ಕ ಕೊಂಬು ಊದಿದಳು. ಬಾಯಿ ಒಣಗಿ ಮೊದಲು ಬರೀ ಗಾಳಿ ಬಂತು. ಆಮೇಲೆ ಸದ್ದು ಬಂತು. ಸಾಲು ನಿಂತಿತು, ಬಿಂದಿಗೆ ಓಡಿದವು, ಹನ್ನೆರಡು ಮಂದಿ ನುಗ್ಗಿದರು. ಹುಂಜ ನೆನೆದು ಕರಿ ಪುಕ್ಕವಾಗಿ ಉದುರಿತು.

ಜನ ಕುಣಿದರು. ದ್ಯಾವಕ್ಕನನ್ನು ಹೆಗಲ ಮೇಲೆ ಎತ್ತಿಕೊಂಡರು. ಚೊಂಬು ನೆಲದ ಮೇಲೇ ಉಳಿಯಿತು.

"ಇಳಿಸ್ರಪ್ಪ, ಹೆಸರು ಕೂಗಬೇಕು, ನೀರು ಕೊಡಬೇಕು."

"ಹನ್ನೆರಡೂ ತಲೆ ಕಾಣ್ತಾ ಇವೆಯಲ್ಲ. ಕಾಟಯ್ಯನ ಮುದಿ ಆಟ ಯಾಕೆ? ಈಗಲೂ ಹೆದರಿಕೆನಾ?" ಅಂದ ಭರಮಣ್ಣ.

ಹೆದರಿಕೆಯೇ ಆಗಿತ್ತು. ಆದರೆ ಈ ಸಲ ಬೆಂಕಿಯ ಹೆದರಿಕೆ ಅಲ್ಲ, ನಗುವವರ ಹೆದರಿಕೆ. ಆಕೆ ಹೆಸರು ಕೂಗಲಿಲ್ಲ. ಚೊಂಬಿನ ನೀರನ್ನು ಒಂದು ಮೇಕೆ ಕುಡಿಯಿತು.

ಮಾರನೇ ದಿನದಿಂದ ಸಣ್ಣೀರ ತುಂಬಾ ಒಳ್ಳೆಯವನಾದ.

ಕಪ್ಪೆ ಇಲ್ಲ, ಗೆಜ್ಜೆ ಇಲ್ಲ. ಹಿರಿಯರನ್ನು ಕಂಡರೆ ಕೈ ಮುಗಿಯುತ್ತಿದ್ದ. ಕೆಲಸವನ್ನು ಹೇಳುವ ಮುಂಚೆಯೇ ಮಾಡುತ್ತಿದ್ದ. "ಬೆಂಕಿಗೆ ಬಿದ್ದ ಚಿನ್ನ ನೋಡ್ರೋ, ಹೇಗೆ ಪುಟಗೊಂಡಿದೆ" ಅಂತ ಊರೆಲ್ಲ ಹೊಗಳಿತು. ಅವನು ನಡೆದ ಕಡೆ ಗರಿಕೆ ಬಾಡುತ್ತಿತ್ತು. ಬೇಸಿಗೆ ಅಲ್ಲವಾ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಎರಡನೆಯ ಬೆಂಕಿ ರಾಜನ ಲಾಯಕ್ಕೆ ಬಿತ್ತು. ದನ ಮನೆಗೆ ಬರುವ ಹೊತ್ತು. ಬೆಂಕಿಯ ಇಲಿಗಳು ಸೂರಿನೊಳಗೆ ಸರಸರ ಓಡಾಡಿದವು. ಅವು ಹಲ್ಲು ಮಸೆಯುವ ಸದ್ದು ಬೀದಿಗೆ ಕೇಳುತ್ತಿತ್ತು. ಸಾಲು ನಿಂತಿತು, ಬಿಂದಿಗೆ ಓಡಿದವು, ಹನ್ನೆರಡು ಮಂದಿ ನುಗ್ಗಿದರು. ಆದರೆ ಒಂದು ಬಿಂದಿಗೆ ಸುರಿದ ಕಡೆ ಬೆಂಕಿ ಆರುವ ಬದಲು ಆಳೆತ್ತರ ಎದ್ದಿತು. ಆ ಬಿಂದಿಗೆಯಲ್ಲಿ ಇದ್ದದ್ದು ನೀರಲ್ಲ, ಹರಳೆಣ್ಣೆ.

ಲಾಯ ಬೂದಿಯಾಯಿತು. ಏಳು ಕುದುರೆ ಸತ್ತವು. ಹೊರಬಂದವರ ಹೆಸರನ್ನು ದ್ಯಾವಕ್ಕ ಕೂಗಿದಳು. ಇದ್ದೀನಿ, ಇದ್ದೀನಿ, ಇದ್ದೀನಿ. ಹನ್ನೆರಡು ಸಲವೂ ಇದ್ದೀನಿ. ಎಣಿಕೆ ಸರಿಯಿತ್ತು. ಆದರೂ ಏನೋ ತಪ್ಪಿದೆ ಅನ್ನಿಸಿತು. ನೀರು ಕುಡಿಸೋಣ ಅಂತ ಚೊಂಬು ಎತ್ತುವಷ್ಟರಲ್ಲಿ ರಾಜ ಬಂದ.

"ನಿನ್ನ ಸಾಲಿನಲ್ಲಿ ಎಣ್ಣೆ ಹೇಗೆ ಬಂತಮ್ಮ? ಇನ್ನೊಂದು ಸಲ ಹೀಗಾದರೆ ಚೊಂಬು ಭರಮಣ್ಣನಿಗೆ. ನೀನು ರಾಜ್ಯದಾಚೆಗೆ" ಅಂದ.

ಆಕೆ ಮನೆಗೆ ಬಂದರೆ ಜಗಲಿಯ ಮೇಲೆ ಸಣ್ಣೀರನ ಹೆಂಡತಿ ನಿಂಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ಯಾರಿಗೂ ಹೇಳಬೇಡ. ನನ್ನ ಗಂಡ ಉಣ್ಣೋದಿಲ್ಲ. ಒಲೆ ಮುಂದೆ ಕೂತು ಒಲೆ ಜೊತೆ ಪಿಸುಪಿಸು ಮಾತಾಡ್ತಾನೆ. ಒಲೆ ತಿರುಗಿ ಮಾತಾಡ್ತದೆ."

"ಬೈದು ನೋಡಿದೆಯಾ?"

"ಬೈದೆ. ಸರಿ ಅಂದ." ನಿಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನನ್ನ ಗಂಡ ಒಂದು ದಿನ ಸರಿ ಅಂದವನಲ್ಲ ಅಕ್ಕ."

ಆಗ ದ್ಯಾವಕ್ಕನಿಗೆ ಹೊಳೆಯಿತು, ಲಾಯದ ಮುಂದೆ ತಪ್ಪಿದ್ದು ಏನು ಅಂತ. ಹನ್ನೆರಡು ಸಲ ಇದ್ದೀನಿ ಕೇಳಿಸಿತ್ತು. ಹನ್ನೊಂದು ಸಲ ಮಾತ್ರ ಕೇಳಿಸಬೇಕಿತ್ತು. ಕುಂಬಾರನ ಮನೆಯೊಳಗೆ ಒಬ್ಬ ಉಳಿದುಬಿಟ್ಟಿದ್ದ. ಅವನ ಬದಲು ಬೇರೆ ಏನೋ ಹೊರಗೆ ಬಂದಿತ್ತು. ತಾನು ಜನರ ಹೆಗಲ ಮೇಲೆ ಕೂತಿದ್ದಾಗ ಅದು ತನ್ನ ಪಕ್ಕದಲ್ಲೇ ಹಾದುಹೋಗಿತ್ತು.

ಮೂರನೆಯ ಬೆಂಕಿ ಮಾರನೇ ಬೆಳಗ್ಗೆಯೇ ಅರಮನೆಗೆ ಬಿತ್ತು. ಆಗಷ್ಟೇ ಸೂರ್ಯ ಹುಟ್ಟುತ್ತಿದ್ದ. ಬೆಂಕಿಯ ಹಾವು ಕಂಬ ಕಂಬಕ್ಕೂ ಸುತ್ತಿಕೊಂಡು ಮೇಲೇರುತ್ತಿತ್ತು. ದ್ಯಾವಕ್ಕ ಕೊಂಬು ಊದಿದಳು. ಸಾಲಿನ ಪ್ರತಿ ಬಿಂದಿಗೆಗೂ ತಾನೇ ಬೆರಳದ್ದಿ ನೆಕ್ಕಿ ನೋಡಿದಳು. ಎರಡು ಬಿಂದಿಗೆ ಎಣ್ಣೆ ಸಿಕ್ಕಿತು. ಒದ್ದು ಉರುಳಿಸಿದಳು. ಹನ್ನೆರಡು ಮಂದಿ ನುಗ್ಗಿದರು. ರಾಜನನ್ನು ಮಂಚದ ಸಮೇತ ಹೊತ್ತು ತಂದರು, ಯಾಕೆಂದರೆ ಅವನು ಮಂಚದ ಕಾಲು ಬಿಡಲೊಲ್ಲ. ಹಾವು ಬುಸುಗುಟ್ಟಿ ಆವಿಯಾಯಿತು.

ಜನ ಮತ್ತೆ ಆಕೆಯನ್ನು ಎತ್ತಿಕೊಳ್ಳಲು ಬಂದರು.

"ಯಾರೂ ಮುಟ್ಟಬೇಡಿ. ಎಣಿಸಬೇಕು."

"ಶುರುವಾಯ್ತು" ಅಂದ ಭರಮಣ್ಣ.

"ಹೌದು ಭರಮಣ್ಣ, ಹೆದರಿಕೆಯೇ. ಮೊದಲು ನೀನೇ ಬಾ, ಕುಡಿ."

ಅವನು ಗೊಣಗುತ್ತ ಕುಡಿದ. ಒಬ್ಬೊಬ್ಬರೇ ಬಂದರು, ಇದ್ದೀನಿ ಅಂದರು, ಕುಡಿದರು. ಹನ್ನೊಂದಾಯಿತು.

"ಸಣ್ಣೀರ."

"ಇದ್ದೀನಿ."

ಆಕೆ ಚೊಂಬು ಚಾಚಿದಳು.

"ನನಗೆ ಬಾಯಾರಿಲ್ಲ ಅಕ್ಕ. ಬೇರೆಯವರಿಗೆ ಕೊಡಿ" ಅಂದ ಅವನು, ಮೆತ್ತಗೆ, ಕೈ ಮುಗಿದು.

"ಎಂಥ ಒಳ್ಳೆ ಮನುಷ್ಯ" ಅಂದಿತು ಒಂದು ಮುದುಕಿ.

ದ್ಯಾವಕ್ಕ ಚೊಂಬಿನಿಂದ ಒಂದೇ ಒಂದು ಹನಿ ಅವನ ಮುಂಗೈಗೆ ಸಿಡಿಸಿದಳು. ಕಾದ ಕಾವಲಿಯ ಮೇಲೆ ಬಿದ್ದಂತೆ ಚೊಂಯ್ ಅಂತು. ಬಿದ್ದ ಕಡೆ ಚರ್ಮ ಸುಲಿದು ಒಳಗಿನ ಕೆಂಪು ಕಾಣಿಸಿತು. ಅದು ರಕ್ತದ ಕೆಂಪಲ್ಲ. ಅವನು ಬಾಯಿ ತೆರೆದ. ಮೊಳದುದ್ದದ ಉರಿಯುವ ನಾಲಿಗೆ ಹೊರಗೆ ಬಂತು.

"ಎಣಿಸೋದು ಕಲಿತೆಯಾ? ತಡವಾಯ್ತು. ನಿಮ್ಮವನು ಕುಂಬಾರನ ಬೂದಿಯಲ್ಲಿ ಕೆಂಡವಾಗಿ ಬಿದ್ದಿದ್ದಾನೆ. ನಾನು ಉರಿದರೆ ಅವನಿಗೆ ಉಸಿರು. ಸುರಿ ನೀರು. ನನ್ನ ಜೊತೆ ಅವನೂ ಆರ್ತಾನೆ" ಅಂದ ಉರಿನಾಲಿಗ.

ನಿಂಗಿ ಚೊಂಬಿಗೆ ಕೈ ಅಡ್ಡ ಹಿಡಿದಳು. "ಸುರಿದುಬಿಡು, ಊರು ಉಳೀಲಿ" ಅಂತ ರಾಜ ಮಂಚದ ಮೇಲಿಂದ ಕೂಗಿದ.

"ಹನ್ನೆರಡು ಮಂದಿ ನನ್ನವರು ಬುದ್ಧಿ. ಒಬ್ಬ ಇನ್ನೂ ಹೊರಗೆ ಬಂದಿಲ್ಲ" ಅಂದಳು ದ್ಯಾವಕ್ಕ. ಆಮೇಲೆ ತಿರುಗಿ, "ಭರಮಣ್ಣ, ಸಾಲನ್ನು ಇವನ ಸುತ್ತ ಉಂಗುರ ಮಾಡು. ಎಲ್ಲರ ಕೈಯಲ್ಲೂ ತುಂಬಿದ ಬಿಂದಿಗೆ ಇರಲಿ. ನನ್ನ ಕೊಂಬು ಕೇಳೋವರೆಗೂ ಒಂದು ಹನಿ ಬೀಳಬಾರದು. ಕೇಳಿದ ಮೇಲೆ ಒಂದು ಹನಿ ಉಳೀಬಾರದು. ನಿನ್ನನ್ನು ನಂಬಿ ಹೋಗ್ತಿದ್ದೀನಿ."

ಭರಮಣ್ಣನ ಮೀಸೆಯ ಒಂದು ತುದಿ ಸುಟ್ಟಿತ್ತು. ಅವನು ನಗಲಿಲ್ಲ. "ಹೋಗು ನಾಯಕಿ" ಅಂದ.

ಆಕೆ ಚೊಂಬು, ಕೊಂಬು ಎರಡನ್ನೂ ಹಿಡಿದು ಓಡಿದಳು. ಕುಂಬಾರನ ಮನೆಯ ಬೂದಿ ಎಂದೋ ತಣ್ಣಗಾಗಿತ್ತು. ಆದರೆ ಆಕೆ ಕಾಲಿಟ್ಟ ಕೂಡಲೇ ಸಾವಿರ ಕೆಂಡ ಕಣ್ಣು ಬಿಟ್ಟವು.

"ಸಣ್ಣೀರ" ಅಂತ ಕೂಗಿದಳು.

"ಇದ್ದೀನಿ" ಅಂದವು ಸಾವಿರ ಕೆಂಡಗಳೂ, ಅವನದೇ ದನಿಯಲ್ಲಿ. "ಇದ್ದೀನಿ ಅಕ್ಕ, ಇಲ್ಲಿದ್ದೀನಿ, ನನ್ನನ್ನು ಎತ್ತಿಕೊ, ಇದ್ದೀನಿ."

ಆಕೆಗೆ ಓಡಿಹೋಗಬೇಕು ಅನ್ನಿಸಿತು. ಕಾಲು ಓಡಲು ಸಿದ್ಧವಾಗೇ ಇದ್ದವು. ಚೊಂಬನ್ನು ಎದೆಗೊತ್ತಿಕೊಂಡು ನಿಂತಳು. ಇನ್ನೊಂದು ಸಲ ಕೂಗಿದಳು. ಮತ್ತೆ ಸಾವಿರ ಇದ್ದೀನಿ. ಮೂರನೇ ಸಲ ಕೂಗಿ, ಉಸಿರು ಬಿಗಿಹಿಡಿದು ಕೇಳಿದಳು. ಮೂಲೆಯಲ್ಲಿ, ಒಡೆದ ಮಡಕೆಯ ಚೂರಿನ ಕೆಳಗೆ, ನೆಲಗಡಲೆ ಗಾತ್ರದ ಒಂದು ಕೆಂಡ ಸಣ್ಣಗೆ ಅಂದಿತು:

"ಇಲ್ಲ. ಊರಿಗೆ ಹೋಗಿದಾನೆ."

ಆಕೆ ಅದನ್ನು ಬರಿಗೈಯಲ್ಲೇ ಎತ್ತಿಕೊಂಡಳು. ಅಂಗೈ ಸುಟ್ಟಿತು, ಬಿಡಲಿಲ್ಲ. ಈಗ ಏನು ಮಾಡುವುದು? ನೀರು ಬಿದ್ದರೆ ಕೆಂಡ ಸಾಯುತ್ತದೆ, ಇದು ಮಗುವಿಗೂ ಗೊತ್ತು. ಆದರೆ ಕಾಟಯ್ಯ ಹೇಳಿದ್ದು ಬೇರೆ. ಇದು ಕೆಂಡವೋ ಮನುಷ್ಯನೋ? ತಪ್ಪಾದರೆ ತನ್ನ ಕೈಯಲ್ಲೇ ಅವನ ಸಾವು. ಕಣ್ಣು ಮುಚ್ಚಿ ಒಂದು ಗುಟುಕು ಸುರಿದಳು.

ಚೊಂಯ್ ಅನ್ನಲಿಲ್ಲ. ಗುಟುಕ್ ಅಂತು.

ಕಣ್ಣು ಬಿಟ್ಟರೆ ಬೂದಿಯ ನಡುವೆ ಸಣ್ಣೀರ ಕೂತಿದ್ದ, ಮೈಯೆಲ್ಲ ಮಸಿ, ಹುಬ್ಬು ಎರಡೂ ಇಲ್ಲ.

"ಇಷ್ಟೇನಾ ನೀರು? ಕಾಟಯ್ಯ ಆಗಿದ್ದರೆ ಒಂದು ಗುದ್ದಾದರೂ ಜಾಸ್ತಿ ಕೊಡ್ತಿದ್ದ" ಅಂದ.

ದ್ಯಾವಕ್ಕ ಗುದ್ದು ಕೊಟ್ಟಳು. ಆಮೇಲೆ ಕೊಂಬು ಎತ್ತಿ ಊದಿದಳು. ಈ ಸಲ ಊದಿದ ಕೂಡಲೇ ಸದ್ದು ಬಂತು. ಅತ್ತ ಅರಮನೆಯ ಮುಂದೆ ಭರಮಣ್ಣ ಕೈ ಬೀಸಿದ. ಇನ್ನೂರು ಬಿಂದಿಗೆ ಒಟ್ಟಿಗೆ ಮಗುಚಿದವು. ಉರಿನಾಲಿಗನ ಕೂಗು ಮೂರು ಬೆಟ್ಟ ದಾಟಿ ನಿಂತಿತು. ಕೊನೆಗೆ ಅಲ್ಲಿ ಉಳಿದದ್ದು ಒಂದು ಹಿಡಿ ಕೆಸರು. ಅದನ್ನು ನಿಂಗಿ ಪೊರಕೆಯಿಂದ ಗುಡಿಸಿ ತಿಪ್ಪೆಗೆ ಎಸೆದಳು.

ಕರಡಪುರ ಉಳಿಯಿತು. ಸೂರುಗಳು ಹೊಸ ಹುಲ್ಲು ಹೊದ್ದವು, ಜನ ಹೆದರದೆ ಒಗ್ಗರಣೆ ಹಾಕಿಕೊಂಡು ಉಂಡರು, ರಾಜನೂ ಕೊನೆಗೆ ಮಂಚದಿಂದ ಇಳಿದ. ಭರಮಣ್ಣನ ಮೀಸೆ ಮತ್ತೆ ಬೆಳೆಯಿತು. ಬೆಳೆದ ವಾರಕ್ಕೇ ಅದರೊಳಗೆ ಒಂದು ಕಪ್ಪೆಮರಿ ಸಿಕ್ಕಿತು.

ದ್ಯಾವಕ್ಕ ಬಹಳ ವರ್ಷ ನಾಯಕಿಯಾಗಿದ್ದಳು. ಹೆದರಿಕೆ ಒಂದು ದಿನವೂ ಹೋಗಲಿಲ್ಲ, ಎಣಿಸುವುದನ್ನೂ ಒಂದು ದಿನ ಬಿಡಲಿಲ್ಲ. ಬೆಂಕಿ ಆರಿದ ಮೇಲೆ ಎಲ್ಲರಿಗಿಂತ ಮೊದಲು ಸಣ್ಣೀರನ ಹೆಸರನ್ನೇ ಕೂಗುತ್ತಿದ್ದಳು. ಹೊಗೆಯೊಳಗಿಂದ "ಇಲ್ಲ" ಅಂತ ಕೇಳಿದ ಮೇಲೇ ಆಕೆ ಉಸಿರು ಬಿಡುತ್ತಿದ್ದಳು.