ಪೊದೆಯಾಚೆಗೆ ಹೋದ ಗುಂಡು

ಅಕ್ಟೋಬರ್ 26, ಶನಿವಾರ. ಬೆಳಿಗ್ಗೆ 9.40ಕ್ಕೆ ಅಮೆರಿಕದ ಮೊಂಟಾನಾ ರಾಜ್ಯದ ಟ್ಯಾಮರಾಕ್ ಕೌಂಟಿಯ ಶೆರಿಫ್ ಠಾಣೆಗೆ ಫೋನ್ ಬಂತು. ಡೆಪ್ಯುಟಿ ಟೆಸ್ ಮೊರಿಸೆಟ್ ಎತ್ತಿಕೊಂಡಳು. ಆ ಕಡೆ ಮಾತಾಡಿದವನು ದನದ ರಾಂಚಿನ ಎಮೆಟ್ ಲಿಂಡ್‌ಕ್ವಿಸ್ಟ್.

"ನಮ್ಮ ವರ್ನಾ ಬೇಲಿ ಹತ್ರ ಬಿದ್ದಿದಾಳೆ. ಏಳ್ತಿಲ್ಲ."

"ಉಸಿರಾಡ್ತಿದಾರಾ?"

"ಇಲ್ಲಮ್ಮ. ನಾನು ದನ ಸಾಕೋನು. ಜೀವ ಇದ್ಯೋ ಇಲ್ವೋ ಅಂತ ನಂಗೆ ಗೊತ್ತಾಗುತ್ತೆ."

ದೂರು ದಾಖಲಾಯಿತು. ಶೆರಿಫ್ ರಾಯ್ ಹಾಲ್ವರ್ಸನ್ ಮತ್ತು ಟೆಸ್ 10.25ಕ್ಕೆ ಸ್ಥಳ ತಲುಪಿದರು. ಹಿಂದಿನ ರಾತ್ರಿ ಬಿದ್ದಿದ್ದ ಹಿಮ ಬೆರಳುದ್ದವೂ ಇರಲಿಲ್ಲ. ವರ್ನಾ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟಿದ್ದಳು. ಬೇಟೆಯ ಕಾಲದಲ್ಲಿ ಈ ಸೀಮೆಯವರು ಬೇಟೆಗಾರರ ಕಣ್ಣಿಗೆ ಬೀಳುವ ಆ ಬಣ್ಣವಿಲ್ಲದೆ ಹಿತ್ತಲಿಗೂ ಹೋಗುವುದಿಲ್ಲ. ಗುಂಡು ಎದೆಯ ಎಡಗಡೆ ಹೊಕ್ಕು ಬೆನ್ನಿನಿಂದ ಹೊರಬಿದ್ದಿತ್ತು. ಎಮೆಟ್ ಹೆಂಡತಿಯ ತಲೆಯ ಬಳಿ ಕೂತು, ಅವಳ ಕೂದಲಿನಿಂದ ಹಿಮ ಕೊಡವುತ್ತಲೇ ಇದ್ದ.

ಮಹಜರು ಶುರುವಾಯಿತು. ಅವಳ ಹಿಂದಿದ್ದ ಬೇಲಿ ಕಂಬದಲ್ಲಿ ಸಿಕ್ಕಿಕೊಂಡಿದ್ದ ಗುಂಡನ್ನು ಟೆಸ್ ಚಾಕುವಿನಿಂದ ಕೆತ್ತಿ ತೆಗೆದಳು. ಕಿರುಬೆರಳಿನಷ್ಟು ದಪ್ಪ. ತುದಿ ಗುಂಡಗಿತ್ತು, ಎಲ್ಲೂ ನಜ್ಜುಗುಜ್ಜಾಗಿರಲಿಲ್ಲ.

"ಇದೆಂಥದು ಸಾರ್? ಹೊಸದರ ಥರ ಇದೆ."

"ಕಾಡೆಮ್ಮೆ, ಆನೆ ಹೊಡೆಯೋದು. ಆಫ್ರಿಕಾದ್ದು," ಎಂದ ರಾಯ್. "ನಮ್ಮ ಕಡೆಯ ಗುಂಡು ಎಲ್ಕ್ ಜಿಂಕೆಯ ಮೈಯೊಳಗೆ ಅರಳಿ ಅಲ್ಲೇ ನಿಲ್ಲುತ್ತೆ. ಇದು ನಿಲ್ಲಲ್ಲ."

"ಮೊಂಟಾನಾದಲ್ಲಿ ಆನೆ ಎಲ್ಲಿದೆ?"

ರಾಯ್ ಗುಂಡನ್ನು ಲಕೋಟೆಗೆ ಹಾಕಿ ಮುಚ್ಚಿದ.

ಕಂಬದಿಂದ ವರ್ನಾ ನಿಂತಿದ್ದ ಜಾಗಕ್ಕೆ ನೇರ ಗೆರೆ ಎಳೆದು ಮುಂದಕ್ಕೆ ನಡೆದರು. ದಟ್ಟವಾದ ವಿಲೋ ಪೊದೆಯೊಳಗೆ ಅದೇ ಗೆರೆಯಲ್ಲಿ ಕಡ್ಡಿಗಳು ಮುರಿದಿದ್ದವು. ಪೊದೆಯ ಆಚೆ ಅಂಚಿನಲ್ಲಿ ಹೊಡೆದವರು ಅಲ್ಲೇ ಬಗೆದು ಬಿಟ್ಟುಹೋದ ಎಲ್ಕ್ ಒಂದರ ಕರುಳಿನ ರಾಶಿ; ಮ್ಯಾಗ್‌ಪೈ ಹಕ್ಕಿಗಳು ಕಿತ್ತಾಡುತ್ತಿದ್ದವು. ಗುಂಡು ಎಲ್ಕನ್ನು ಸೀಳಿ, ಪೊದೆ ದಾಟಿ, ಕಾಣದ ಕಡೆ ನಿಂತಿದ್ದವಳಿಗೆ ತಗುಲಿತ್ತು.

ಎಲ್ಕನ್ನು ಎಳೆದೊಯ್ದ ಜಾಡು ಇಳಿಜಾರಿನ ಕೆಳಗೆ ಟ್ರಕ್ಕಿನ ಗಾಲಿಗುರುತಿನವರೆಗೂ ಇತ್ತು. ಪಕ್ಕದಲ್ಲಿ ಎರಡು ಸಣ್ಣ ಗಾಲಿಗಳ ಗೆರೆ.

"ಮಾಂಸ ಸಾಗಿಸೋ ಗಾಡಿ," ಎಂದಳು ಟೆಸ್. ಆಮೇಲೆ ಬಗ್ಗಿ ನೋಡಿದಳು. "ಅಲ್ಲ ಸಾರ್. ಮುಂದೆ ಇನ್ನೆರಡು ಪುಟ್ಟ ಗಾಲಿ ಇವೆ. ಇದು ಗಾಲಿಕುರ್ಚಿ! ಗಾಲಿಕುರ್ಚಿ ತಗೊಂಡು ಬೇಟೆಗೆ ಯಾರು ಬರ್ತಾರೆ?"

"ಫೋಟೋ ತೆಗಿ," ಎಂದಷ್ಟೇ ಹೇಳಿ ರಾಯ್ ಬೇರೆ ಕಡೆ ತಿರುಗಿದ.

ಭಾನುವಾರ, ಸೋಮವಾರ ರಾಯ್ ಟೆಸ್‌ಳನ್ನು ಕರೆದುಕೊಂಡು ಊರೂರು ಸುತ್ತಿದ. ಬಂದೂಕಿನ ಅಂಗಡಿ, ಹೊರಗಿನ ಬೇಟೆಗಾರರು ತಂಗುವ ಮೋಟೆಲ್, ಮಾಂಸ ಕಡಿದುಕೊಡುವ ಶೆಡ್ಡು. ಎಲ್ಲೂ ಅಂಥ ಬಂದೂಕು ಕಂಡವರಿರಲಿಲ್ಲ. ಮಂಗಳವಾರ ಬೆಳಿಗ್ಗೆ ಟೆಸ್ ಜೀಪು ಹತ್ತಲಿಲ್ಲ.

"ಸಾರ್, ನಿಮಗೆ ಮೊದಲ ದಿನವೇ ಗೊತ್ತಾಗಿತ್ತು. ಹೌದೋ ಅಲ್ವೋ?"

"ಬೇರೆ ಯಾರಾದ್ರೂ ಆಗಿರ್ಲಿ ಅಂತ ನೋಡ್ತಿದ್ದೆ," ಎಂದ ರಾಯ್.

ಆರ್ವಿಲ್ ಸ್ಟೆನ್ಸ್‌ರುಡ್‌ಗೆ ಎಪ್ಪತ್ತೊಂದು ವರ್ಷ. ಅಂಥ ಬಂದೂಕೂ ಗಾಲಿಕುರ್ಚಿಯೂ ಒಟ್ಟಿಗೆ ಇದ್ದ ಮನೆ ಸುತ್ತಮುತ್ತ ಅವನದೊಂದೇ. ಕೌಂಟಿಯ ಮಕ್ಕಳಿಗೆ ಬಂದೂಕು ಹಿಡಿಯುವುದನ್ನು ಕಲಿಸಿದವನು ಅವನೇ. ರಾಯ್ ಕಲಿತಿದ್ದೂ ಅವನ ಹತ್ತಿರ. ವರ್ನಾಳೂ ಅಲ್ಲೇ. ಬಾಗಿಲು ತಟ್ಟುವ ಮೊದಲೇ ಮುದುಕ ತೆರೆದ. ಬಿಳಿ ಗಡ್ಡ ಕತ್ತರಿಸಿಕೊಂಡು, ಒಗೆದ ಅಂಗಿ ತೊಟ್ಟಿದ್ದ.

"ಬಂದ್ಯಾ ರಾಯ್? ತಡ ಮಾಡ್ದೆ ಕಣಯ್ಯಾ."

"ಮೇಷ್ಟ್ರೇ, ಬಂದೂಕು ಎಲ್ಲಿದೆ?"

"ಅಡುಗೆಮನೆ ಮೇಜಿನ ಮೇಲೆ. ಖಾಲಿ ಇದೆ. ನೀನೇ ಒಂದ್ಸಲ ನೋಡ್ಕೊ."

ಗ್ಯಾರೇಜಿನಲ್ಲಿ ಎಲ್ಕ್ ತೂಗುತ್ತಿತ್ತು. ಪಕ್ಕೆಲುಬಿನಲ್ಲಿ ಹೊಕ್ಕ ತೂತು ಎಷ್ಟೋ ಹೊರಬಿದ್ದ ತೂತೂ ಅಷ್ಟೇ. ಮಾಂಸವನ್ನು ಯಾರೂ ಮುಟ್ಟಿರಲಿಲ್ಲ.

"ಈ ಗುಂಡು ಯಾಕೆ ಹಾಕಿದ್ರಿ?" ಟೆಸ್ ಕೇಳಿದಳು.

"ಇದ್ದಿದ್ದೇ ಅದು. ಕಾಡೆಮ್ಮೆಗೆ ಅಂತ ಇಟ್ಟಿದ್ದು. ನಾನು ಕೆಲಸ ಬಿಟ್ಟಾಗ ನನ್ನ ಹೆಂಡ್ತಿ ಆಗ್ನೆಸ್ ಈ ಬಂದೂಕು ಕೊಡ್ಸಿದ್ಳು, ಇಬ್ರೂ ಆಫ್ರಿಕಾಗೆ ಹೋಗೋಣ ಅಂತ. ಮುಂದಿನ ವರ್ಷವೇ ಅವಳ ಕೈ ನಡುಗೋಕೆ ಶುರುವಾಯ್ತು. ಆಮೇಲೆ ಕಾಲು. ಈಗ ಗಂಟಲು."

"ಪೊದೆ ಹಿಂದೆ ಏನಿದೆ ಅಂತ ನೋಡಲಿಲ್ವಾ?"

ಆರ್ವಿಲ್ ರಾಯ್ ಕಡೆ ನೋಡಿದ. "ಅದನ್ನೇ ನಾನು ನಲವತ್ತು ವರ್ಷ ಹೇಳ್ಕೊಟ್ಟಿದ್ದು. ಎಲ್ಕ್ ಅಡ್ಡ ನಿಂತಿತ್ತು. ಅದರ ಮೈಯಲ್ಲೇ ನಿಲ್ಲುತ್ತೆ ಅನ್ನೋ ಹಳೇ ಅಭ್ಯಾಸ ನಂಗೆ. ಕೈಲಿರೋ ಗುಂಡು ಯಾವ್ದು ಅನ್ನೋದು ಆ ಗಳಿಗೇಲಿ ತಲೆಗೆ ಬರಲೇ ಇಲ್ಲ."

"ವರ್ನಾಗೆ ತಗುಲಿದ್ದು ಗೊತ್ತಾದ್ದು ಯಾವಾಗ?" ಎಂದ ರಾಯ್.

"ಅವತ್ತೇ ಸಂಜೆ, ರೇಡಿಯೋದಲ್ಲಿ."

"ಆಗ್ಲೇ ಯಾಕೆ ಬರಲಿಲ್ಲ?"

"ಯಾರ ಕೈಗೆ ಕೊಟ್ಟು ಬರ್ಲಿ ಇವಳನ್ನ? ಆರೈಕೆ ಮನೆಗಳಿಗೆ ಫೋನ್ ಮಾಡ್ತಾನೇ ಇದೀನಿ. ಎಲ್ಲ ಕಡೆ ಜಾಗ ಇಲ್ಲ ಅಂತಾರೆ. ಇವತ್ತು ಸಿಗುತ್ತೆ, ನಾಳೆ ಸಿಗುತ್ತೆ ಅಂತ ಕಾದೆ. ಅಲ್ಲಿ ಎಮೆಟ್ ಒಬ್ನೇ ಕೂತಿರ್ತಾನೆ ಅಂತ ಗೊತ್ತಿದ್ದೂ ಕಾದೆ."

ರಾಯ್ ಹೊರಗೆ ಹೋಗಿ ಕೌಂಟಿಯ ಆರೋಗ್ಯ ಕಚೇರಿಗೆ ತಾನೇ ಫೋನ್ ಮಾಡಿದ. ಮೂರು ಗಂಟೆ ದಾರಿಯಾಚೆ ಒಂದು ಹಾಸಿಗೆ ಇದೆ, ಅದೂ ಶುಕ್ರವಾರಕ್ಕೆ ಎಂದರು. ಅಲ್ಲಿಯವರೆಗೆ? ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಅವನು ಬೂಟಿನ ಹಿಮ ಕೊಡವಿ ಒಳಗೆ ಬಂದ. ಟೆಸ್ ಟೋಪಿ ತೆಗೆದು ಮೇಜಿನ ಮೇಲಿಟ್ಟಿದ್ದಳು.

"ನಾನಿರ್ತೀನಿ ಸಾರ್."

"ಡ್ಯೂಟಿ ಅಂತ ಬರ್ಕೊಳೋಕೆ ಆಗಲ್ಲ ಟೆಸ್."

"ರಜಾ ಅಂತ ಬರ್ಕೊಳ್ಳಿ."

ಆರ್ವಿಲ್ ಅವಳಿಗೆ ಹೇಳಿಕೊಟ್ಟ. ತೆಳು ನೀರು ಆಗ್ನೆಸ್‌ಗೆ ನೆತ್ತಿಗೇರುತ್ತದೆ, ಪುಡಿ ಹಾಕಿ ಗಟ್ಟಿ ಮಾಡಬೇಕು. ಚಮಚ ಕೊಡುವಾಗ ಗದ್ದ ಕೆಳಗಿರಬೇಕು. ನುಂಗಿದಳೆಂದು ಖಾತ್ರಿಯಾಗುವವರೆಗೆ ಎರಡನೆಯದು ಕೊಡಬಾರದು. ಬಂದೂಕಿನ ಪಾಠ ಹೇಳುತ್ತಿದ್ದ ಅದೇ ದನಿ.

ಮಧ್ಯಾಹ್ನ 1.10ಕ್ಕೆ ಆತನನ್ನು ಬಂಧಿಸಲಾಯಿತು. ಆರೋಪ ಎರಡು: ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು, ಗೊತ್ತಾದ ಮೇಲೂ ತಿಳಿಸದೆ ಉಳಿದದ್ದು. ರಾಯ್ ಬೇಡಿ ಹಾಕಲಿಲ್ಲ.

ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದ ಆಗ್ನೆಸ್ ಏನೋ ಹೇಳಲು ಹೆಣಗುತ್ತಿದ್ದಳು. ರಾಯ್ ಮೊಣಕಾಲೂರಿ ಕಿವಿಗೊಟ್ಟ.

"ನಾನೇ... ಕೇಳಿದ್ದು. ಒಂದ್ಸಲ... ಆ ಬಂದೂಕಿನ ಸದ್ದು ಕೇಳ್ಬೇಕು ಅಂತ."

"ಆಯ್ತಮ್ಮ."

"ಬರ್ಕೊ."

ರಾಯ್ ಅವಳ ಎದುರೇ ಬರೆದುಕೊಂಡ. ಅವಳು ಉಸಿರು ಕೂಡಿಸಿಕೊಂಡು ಅವನನ್ನೇ ನೋಡಿದಳು.

"ನನ್ನನ್ನೂ... ಕರ್ಕೊಂಡ್ಹೋಗು."

ಅದಕ್ಕೆ ಕಾನೂನಿನಲ್ಲಿ ಯಾವ ಕಲಮೂ ಇರಲಿಲ್ಲ. ಟೆಸ್ ಕುರ್ಚಿಯ ಗಾಲಿಯ ಬ್ರೇಕು ಹಾಕಿದಳು. ಹೊರಗೆ ಆರ್ವಿಲ್‌ನನ್ನು ಕೂರಿಸಿಕೊಂಡ ಜೀಪಿನ ಬಾಗಿಲು ಮುಚ್ಚಿದ ಸದ್ದಿಗೆ ಆಗ್ನೆಸ್‌ಳ ರೆಪ್ಪೆ ಒಮ್ಮೆ ಅದುರಿತು, ಅಷ್ಟೇ.