ಅಜ್ಜಿಯ ಆಯಸ್ಸಿಗೂ ದರ

"ಕಳ್ಳ! ನಮ್ಮಜ್ಜಿನೂ ಮಾರಿಬಿಟ್ಯಲ್ಲೋ!"

ಅಮೆರಿಕದ ಪಸಡೀನಾ ಊರಿನಲ್ಲಿ, ಟಾಕೋ ತಿಂಡಿ ಮಾರುವ ಗಾಡಿಯ ಮುಂದೆ ಮಾರ್ಗೋ ಕೂಗಿದ ರಭಸಕ್ಕೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಮೆಲ್ಲಗೆ ಮಾತಾಡೇ..." ಕರ್ಟಿಸ್ ಗೋಗರೆದ.

"ಯಾಕೆ ಮೆಲ್ಲಗೆ? ನಿಮ್ಮ ಏಜೆನ್ಸಿ ವೆಬ್‌ಸೈಟಲ್ಲಿ ಕಂಡೋರೆಲ್ಲ ಓದ್ತಿದ್ದಾರಲ್ಲ!"

ಮಾರ್ಗೋ ಚೆಲ್ಲೋ ವಾದ್ಯ ಕಲಿಯುವ ಹುಡುಗಿ. ಕಾಲೇಜಿನ ಸಾಲ ತೀರಿಸಲು ಹಣಕ್ಕೆ ತನ್ನ ಅಂಡಾಣು ಕೊಡಲು ಒಪ್ಪಿದ್ದಳು. ಅದನ್ನು ಕೊಳ್ಳುವ ಮಕ್ಕಳಿಲ್ಲದ ದಂಪತಿಗಳಿಗಾಗಿ ಏಜೆನ್ಸಿಯ ವೆಬ್‌ಸೈಟಿನಲ್ಲಿ ಅವಳ ಪರಿಚಯ ಬರೆದು, ದರ ಗೊತ್ತು ಮಾಡುವ ಕೆಲಸ ಕರ್ಟಿಸ್‌ನದು. ಮೊದಲ ಭೇಟಿಯಲ್ಲೇ ಪ್ರೀತಿ ಹುಟ್ಟಿತ್ತು. ಮದುವೆಯ ಮಾತೂ ಆಗಿತ್ತು. ಅವನು ಬರೆದ ಆ ಪರಿಚಯವನ್ನು ಅವಳು ಓದಿದ್ದು ಮಾತ್ರ ಇವತ್ತೇ.

"ಕಡಲ ತೀರದಲ್ಲಿ ನನ್ನ ಕೈ ಹಿಡ್ಕೊಂಡು ನೀನು ಅಜ್ಜಿ ವಯಸ್ಸು ಕೇಳ್ದೆ. ನಾನು ಪ್ರೀತಿ ಅಂದ್ಕೊಂಡೆ! 'ದೀರ್ಘಾಯುಷ್ಯದ ವಂಶ' ಅಂತ ಬರೆದಿದ್ದೀಯ!"

"ಅದಕ್ಕೇ ಕಣೇ ನಿನ್ನ ದರ ಎಂಟು ಸಾವಿರ ಡಾಲರ್ ಇದ್ದದ್ದು ಇಪ್ಪತ್ತು ಸಾವಿರ ಆಗಿದ್ದು! ಪರೀಕ್ಷೆ ಅಂಕ, ಎತ್ತರ, ಸಂಗೀತ... ಜನ ನೋಡೋದೇ ಅದನ್ನ. ನಿನ್ನ ಸಾಲ ತೀರ್ಲಿ ಅಂತ ತಾನೇ ಮಾಡಿದ್ದು?"

ಇರಬಹುದೇ...? ಅವಳ ಮನಸ್ಸು ಒಂದು ಕ್ಷಣ ಮೆತ್ತಗಾಯಿತು. ಆದರೆ ಸಂಶಯ ಅನ್ನುವುದು ಹಲ್ಲಿಗೆ ಸಿಕ್ಕ ನಾರು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ!

"ನಮ್ಮಮ್ಮನ ವಿಷಯ ಎಲ್ಲಿ?"

ಅಮ್ಮ ಮನಸ್ಸಿನ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದನ್ನು ಅವಳು ಅತ್ತು ಹೇಳಿಕೊಂಡದ್ದು ಅವನೊಬ್ಬನಲ್ಲೇ. ಅದನ್ನೂ ಬರೆ ಎಂದೇ ಹೇಳಿದ್ದಳು.

"ಅದನ್ನ ಬರೆದ್ರೆ ನಿನ್ನ ಯಾರೂ ಆರಿಸಲ್ಲ, ಮಾರ್ಗೋ..."

"ನೀನು?"

"ನಾನು ನಿನ್ನ ಪ್ರೀತಿಸ್ತೀನಿ ಚಿನ್ನಾ!"

"ಆ ಕಾಯಿಲೆ ನಾಳೆ ನಮ್ಮ ಮಗೂಗೆ ಬಂದ್ರೆ?"

ಅವಳಿಗೆ ಬೇಕಿದ್ದದ್ದು ಒಂದೇ ಮಾತು. 'ಬರಲಿ ಬಿಡು, ನಾವಿದ್ದೀವಲ್ಲ'... ಅಷ್ಟೇ.

ಕರ್ಟಿಸ್‌ನ ಮುಖ ಅರಳಿತು. "ಅಯ್ಯೋ, ಅದಕ್ಯಾಕೆ ಹೆದರ್ತೀಯ? ಬೇರೆಯವಳ ಅಂಡಾಣು ತಗೊಂಡ್ರಾಯ್ತು. ನಂಗೆ ಆಫೀಸಲ್ಲಿ ರಿಯಾಯಿತಿ ಇದೆ!"

ಮಾರ್ಗೋಗೆ ಅಳುವೂ ಬರಲಿಲ್ಲ. ಅವನ ಗಲ್ಲಕ್ಕೆ ಅಂಟಿದ್ದ ಚಟ್ನಿಯನ್ನು ಬೆರಳಿನಿಂದ ಮೆಲ್ಲಗೆ ಒರೆಸಿದಳು.

"ಒಳ್ಳೆಯವಳನ್ನ ಹುಡುಕ್ಕೋ, ಕರ್ಟಿಸ್."

"ಎಲ್ಲಿಗೆ ಹೊರಟೆ?"

"ನಿಮ್ಮ ಆಫೀಸಿಗೆ. ಅಮ್ಮನ ವಿಷಯ ಹೇಳೋಕೆ."

"ಹುಚ್ಚಿ! ನಿನ್ನ ಹೆಸರೇ ತೆಗೆದುಬಿಡ್ತಾರೆ ಕಣೇ!"

"ತೆಗೀಲಿ."

ಹೋದಳು. ತಿನ್ನಲು ತಂದದ್ದು ತಣ್ಣಗಾಗುವವರೆಗೂ ಅವನು ಕಾದ. ಅವಳು ತಿರುಗಿ ಬರಲಿಲ್ಲ.