ಕೊಕ್‌ಬೆಲ್ ದಾಟಿದ ಹುಡುಗಿಯರು

"ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಮೂವರೂ ಆ ಕಡೆ ಹುಲ್ಲುಗಾವಲಲ್ಲಿ ನನ್ನ ಕಣ್ಣೆದುರಿಗಿರಬೇಕು," ಎಂದರು ಇನ್‌ಸ್ಪೆಕ್ಟರ್ ಸಾಗಿನ್‌ಬೆಕ್. "ಒಬ್ಬಳು ಕಮ್ಮಿಯಾದ್ರೂ ನಿಮ್ಮ ಶಿಬಿರ, ನಡಿಗೆ, ಎಲ್ಲ ಬಂದ್."

"ಎಣಿಸ್ಕೊಳ್ಳೋಕೆ ನೀವೇ ಬನ್ನಿ ಸಾಹೇಬ್ರೆ," ಎಂದು ನಿಲಯ ನೋಡಿಕೊಳ್ಳುವ ರಾಯ್ಕುಲಕ್ಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.

ಬಾಗಿಲ ಬಳಿ ನಿಂತಿದ್ದ ಜಿಪರ್ ಎಲ್ಲವನ್ನೂ ಕೇಳಿಸಿಕೊಂಡಳು. ನರಿನ್ ಊರಿನ ಈ ಹುಡುಗಿಯರ ನಿಲಯಕ್ಕೆ ಅವಳು ಬಂದು ಎರಡು ವರ್ಷ. ವಯಸ್ಸು ಹದಿನಾರು. ಮೂರು ಸಲ ಮನೆ ಬಿಟ್ಟು ಓಡಿದವಳು, ನಂಬಲಾಗದು ಎಂದು ಅವಳ ಫೈಲಿನಲ್ಲಿ ಬರೆದಿತ್ತು. ಜೊತೆಗೆ ಹೊರಟವರು ಇಬ್ಬರು. ಮೇಷ್ಟರ ಮೂಗು ಒಡೆದು ಶಾಲೆಯಿಂದ ಹೊರಬಿದ್ದ ಗಟ್ಟಿ ಆಳು ತಿನಾರ್. ಬಜಾರಿನಲ್ಲಿ ಜೇಬು ಕತ್ತರಿಸುತ್ತಿದ್ದ ಹದಿನಾಲ್ಕರ ಚೋಲ್ಪೋನ್. ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

ನಾಲ್ಕು ದಿನ ನಡೆದು, ಬೆಟ್ಟದ ನೆತ್ತಿಯ ದಾರಿಯಾದ ಕೊಕ್‌ಬೆಲ್ ದಾಟಬೇಕು. ಆಚೆ ಹುಲ್ಲುಗಾವಲಿಗೆ ಮೂವರ ಮನೆಯವರೂ ವ್ಯಾನಿನಲ್ಲಿ ಬರುತ್ತಾರೆ. ಮೂರು ದಿನ ಎದುರುಬದುರು ಕೂತು ಮಾತಾಡಬೇಕು, ರಾಯ್ಕುಲಕ್ಕ ನಡುವೆ ಕೂರುತ್ತಾಳೆ. ಎರಡು ವರ್ಷದಲ್ಲಿ ಒಮ್ಮೆಯೂ ನಿಲಯಕ್ಕೆ ಬಾರದಿದ್ದ ಜಿಪರ್‌ಳ ಅಮ್ಮ ಈ ಸಲ ಬರುತ್ತೇನೆ ಎಂದಿದ್ದಳು.

ಮಂಗಳವಾರ ಬೆಳಿಗ್ಗೆ ಹೊರಟರು. ಮೊದಲ ದಿನವೆಲ್ಲ ಸ್ಪ್ರೂಸ್ ಕಾಡು, ಕಾಲಡಿಯಲ್ಲಿ ಒದ್ದೆ ಪಾಚಿ, ಪಕ್ಕದಲ್ಲಿ ಹಾಲಿನ ಬಣ್ಣದ ತೊರೆ. ಎರಡನೇ ದಿನ ಮರಗಳು ಕುಳ್ಳಾಗಿ, ಪೊದೆಯಾಗಿ, ಕೊನೆಗೆ ಇಲ್ಲವೇ ಆದವು. ಮೇಲೆ ಬರೀ ಹುಲ್ಲು, ಕಲ್ಲು, ಬಂಡೆ ಸಂದಿಯಿಂದ ಸೀಟಿ ಹೊಡೆಯುವ, ದಪ್ಪ ಅಳಿಲಿನಂಥ ಮಾರ್ಮೋಟುಗಳು. ಗುರುವಾರ ಮೊಣಕಾಲುದ್ದ ಹಿಮದಲ್ಲಿ ಉಸಿರುಗಟ್ಟುತ್ತಾ ನೆತ್ತಿ ಮುಟ್ಟಿದಾಗ ಆಚೆ ಕಡೆಯ ಕಣಿವೆ ಹಸಿರು ಕಂಬಳಿಯಂತೆ ಬಿಚ್ಚಿಕೊಂಡಿತ್ತು.

"ಅಯ್ಯಪ್ಪಾ, ಇಷ್ಟು ಹತ್ತೋ ಬದಲು ಜೈಲಿಗೇ ಹೋಗಬಹುದಿತ್ತು," ಎಂದಳು ಚೋಲ್ಪೋನ್.

"ಅಲ್ಲಿ ನಿನ್ನ ಬಾಯಿಗೆ ಹೆದರಿ ಬಿಟ್ಟುಬಿಡ್ತಿದ್ರು, ನಡಿ," ಎಂದಳು ತಿನಾರ್.

ಇಳಿಯುವಾಗ ಸಡಿಲ ಕಲ್ಲುಗಳ ರಾಶಿ ಜಾರಿತು. ರಾಯ್ಕುಲಕ್ಕ ಕಲ್ಲಿನ ಜೊತೆಗೇ ಉರುಳಿದಳು. ಎತ್ತಿ ನೋಡಿದರೆ ಬಲಗಾಲಿನ ಹರಡು ಓರೆಯಾಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಎರಡು ಕೋಲು ಕಟ್ಟಿ, ಹೆಗಲು ಕೊಟ್ಟು, ಹೇಗೋ ಕೆಳಗೆ ದಾಟಬೇಕಿದ್ದ ಹೊಳೆಯ ದಡಕ್ಕೆ ತಂದು ಗುಡಾರ ಹಾಕಿದರು.

ಶುಕ್ರವಾರ ಬೆಳಕು ಹರಿಯುತ್ತಲೇ ಅಕ್ಕ ಹೇಳಿದಳು: "ಈಗ ನೀರು ಕಮ್ಮಿ. ಬಿಸಿಲೇರಿ ಹಿಮ ಕರಗಿದ್ರೆ ಕುದುರೇನೂ ದಾಟಲ್ಲ. ನೀವು ಮೂವರೂ ಹೋಗಿ. ನಾಳೆ ಬೆಳಿಗ್ಗೆ ಯಾರನ್ನಾದ್ರೂ ಕಳಿಸಿ."

ಹಿಂದೆ ಕೊಕ್‌ಬೆಲ್ ಮೇಲೆ ಕಪ್ಪು ಮೋಡ ಕೂತಿತ್ತು.

"ಆಗಲ್ಲ," ಎಂದಳು ಜಿಪರ್.

"ಜಿಪರ್, ನಿಮ್ಮಮ್ಮ ಬಂದಿರ್ತಾಳೆ. ಹನ್ನೆರಡಕ್ಕೆ ನೀವು ಅಲ್ಲಿಲ್ಲ ಅಂದ್ರೆ ವ್ಯಾನು ವಾಪಸ್ ಹೊರಡುತ್ತೆ."

"ಗೊತ್ತು. ಆದ್ರೂ ಆಗಲ್ಲ. ನಿಮ್ಮನ್ನ ಬಿಟ್ಟು ಓಡಿಬಂದ್ರು ಅಂತ ಬರ್ಕೊಳ್ತಾರೆ ಆ ಸಾಹೇಬ್ರು. ಅವರಿಗೆ ನಾನು ಆ ಸಂತೋಷ ಕೊಡಲ್ಲ. ತಿನಾರ್, ಇವರನ್ನ ಬೆನ್ನ ಮೇಲೆ ಹೊರ್ತೀಯಾ?"

"ಕೊಬ್ಬಿದ ಟಗರು ಹೊತ್ತವಳು ನಾನು," ಎಂದಳು ತಿನಾರ್.

"ಟಗರು ನಾನೇನೇ?" ಎಂದು ರಾಯ್ಕುಲಕ್ಕ ನೋವಿನಲ್ಲೂ ನಕ್ಕಳು. ಆಮೇಲೆ ನಗು ನುಂಗಿ ಹೇಳಿದಳು: "ಹಾಗಾದ್ರೆ ಕೇಳಿ. ಬೂಟು ಬಿಚ್ಚಬೇಡಿ. ನೀರಿಗೆ ಎದೆ ಕೊಟ್ಟು ಅಡ್ಡಡ್ಡ ನಡೀರಿ. ಒಂದು ಕಾಲು ಊರಿದ ಮೇಲೇ ಇನ್ನೊಂದು."

ಜಿಪರ್ ಹಗ್ಗದ ಒಂದು ತುದಿಯನ್ನು ಈ ದಡದ ಬಂಡೆಗೆ ಕಟ್ಟಿ, ಇನ್ನೊಂದು ತುದಿಯನ್ನೂ ಒಂದು ಕೋಲನ್ನೂ ಹಿಡಿದು ಇಳಿದಳು.

ನೀರು ಚಾಕುವಿನಂತೆ ಕೊರೆಯಿತು. ಮೊಣಕಾಲು, ತೊಡೆ, ಸೊಂಟ. ತಳದಲ್ಲಿ ಕಲ್ಲುಗಳು ಉರುಳುವ ಗುಡುಗುಡು ಸದ್ದು ಕಾಲಿಗೇ ತಿಳಿಯುತ್ತಿತ್ತು. ಕೋಲು ಊರಿದಳು. ಒಂದು ಹೆಜ್ಜೆ. ಮತ್ತೊಂದು.

ಆಚೆ ದಡ ಸಿಕ್ಕಿತು. ಹಗ್ಗವನ್ನು ದೊಡ್ಡ ಬಂಡೆಗೆ ಬಿಗಿದು ಕೈ ಬೀಸಿದಳು.

ಅಕ್ಕನನ್ನು ಬೆನ್ನಿಗೇರಿಸಿಕೊಂಡು ತಿನಾರ್ ಹಗ್ಗ ಹಿಡಿದು ಬಂದಳು. ಅವಳ ಹಿಂದೆ ಚೋಲ್ಪೋನ್.

ನಡುನೀರಿನಲ್ಲಿ ಚೋಲ್ಪೋನ್ ಕಾಲು ತಪ್ಪಿತು.

ಕೂಗಲೂ ಆಗಲಿಲ್ಲ ಅವಳಿಗೆ. ಹಗ್ಗಕ್ಕೆ ಒಂದೇ ಕೈಯಲ್ಲಿ ಜೋತುಬಿದ್ದು ಬಟ್ಟೆಯಂತೆ ಒಲೆದಾಡಿದಳು. ಜಿಪರ್ ಮತ್ತೆ ನೀರಿಗೆ ಹಾರಿದಳು. "ಚೀಲ ಬಿಡೇ! ಚೀಲ ಬಿಡು!"

ಚೀಲ ಹೋಯಿತು, ರೊಟ್ಟಿ, ಒಣಗಿಸಿದ ಗಿಣ್ಣು, ಒಣ ಬಟ್ಟೆ ಎಲ್ಲ ಹೋಯಿತು. ಜಿಪರ್ ಅವಳ ಜಡೆ ಹಿಡಿದೆಳೆದು ದಡಕ್ಕೆ ಒಗೆದಳು.

"ಕೂದ್ಲು ಕಿತ್ತೇಬಿಟ್ಟೆಯಲ್ಲೇ ರಾಕ್ಷಸಿ!" ಎಂದು ಕೆಮ್ಮುತ್ತಾ ಅತ್ತಳು ಚೋಲ್ಪೋನ್. ಅಕ್ಕನನ್ನು ದಡದಲ್ಲಿ ಇಳಿಸಿ ತಿನಾರ್ ಓಡಿಬಂದಳು, ಮೂವರೂ ನಡುಗುತ್ತಾ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಹೊಳೆ ಹಿಂದೆ ಬಿತ್ತು. ಇನ್ನು ಎರಡು ಹರದಾರಿ ಇಳಿಜಾರು. ತಿನಾರ್ ಸುಸ್ತಾದಾಗ ಜಿಪರ್ ಹೊತ್ತಳು. ಜಿಪರ್ ಕುಸಿದಾಗ ಮತ್ತೆ ತಿನಾರ್. ಹಸಿವಿಗೆ ಹೊಟ್ಟೆ ಬೆನ್ನಿಗಂಟಿತ್ತು. ಸೂರ್ಯ ನೆತ್ತಿಗೆ ಬಂದ, ನೆತ್ತಿ ದಾಟಿದ. ಯಾರೂ ಗಡಿಯಾರ ನೋಡಲಿಲ್ಲ.

ಉಣ್ಣೆ ಗುಡಾರಗಳ ಹೊಗೆ ಕಂಡಾಗ ವ್ಯಾನು ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಸಾಗಿನ್‌ಬೆಕ್ ಎದುರು ಬಂದರು. ಕುರಿ ಕಾಯುವವರು ಓಡಿಬಂದು ರಾಯ್ಕುಲಕ್ಕನನ್ನು ಇಳಿಸಿಕೊಂಡರು.

"ನಲವತ್ತು ನಿಮಿಷ ತಡ," ಎಂದರು ಇನ್‌ಸ್ಪೆಕ್ಟರ್. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಜಿಪರ್ ಕಣ್ಣು ತಗ್ಗಿಸಲಿಲ್ಲ. "ತಡ ಅಂತ ಬರ್ಕೊಳ್ಳಿ. ಮೂವರೂ ಇದ್ದೀವಿ ಅಂತಾನೂ ಬರ್ಕೊಳ್ಳಿ. ನಾಲ್ಕನೆಯವರನ್ನ ಹೊತ್ತು ತಂದ್ವಿ ಅನ್ನೋದನ್ನ ಮರೀಬೇಡಿ."

ಅವರು ಊದಿದ ಕಾಲನ್ನೂ ಹುಡುಗಿಯರ ಒದ್ದೆ ಬಟ್ಟೆಯನ್ನೂ ನೋಡಿದರು. ಪೆನ್ನು ತೆಗೆದು ನಿಧಾನವಾಗಿ ಬರೆದರು. "ಮುಂದಿನ ವರ್ಷ ಒಂದು ಕುದುರೆ ಕೊಡಿಸ್ತೀನಿ," ಎಂದಷ್ಟೇ ಹೇಳಿ ಡ್ರೈವರಿಗೆ ಎಂಜಿನ್ ಆರಿಸಲು ಸನ್ನೆ ಮಾಡಿದರು.

ವ್ಯಾನಿನಿಂದ ನೀಲಿ ತಲೆವಸ್ತ್ರದ ಹೆಂಗಸೊಬ್ಬಳು ಇಳಿದಳು. ಜಿಪರ್‌ಳ ಅಮ್ಮ. ಮಗಳನ್ನು ಗುಡಾರದೊಳಗೆ ಒಲೆಯ ಬಳಿ ಕೂರಿಸಿ, ಬೂಟು ಎಳೆದು, ಮರಗಟ್ಟಿದ ಪಾದಗಳನ್ನು ತನ್ನ ಮಡಿಲಲ್ಲಿಟ್ಟು ಉಜ್ಜತೊಡಗಿದಳು.

ಹೊಟ್ಟೆಗೆ ಬಿಸಿ ಸಾರು ಬಿದ್ದ ಮೇಲೆ, ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು ರಾಯ್ಕುಲಕ್ಕ ಕೇಳಿದಳು: "ಯಾರು ಮೊದಲು ಮಾತಾಡ್ತೀರಿ? ಡಾಕ್ಟರ್ ಸಂಜೆಗೆ ಬರೋದು. ಅಲ್ಲೀತನಕ ನಾನು ಎಲ್ಲೂ ಹೋಗಲ್ಲ."

"ಇವಳು ಓಡಿಹೋದಾಗಿನಿಂದ..." ಎಂದು ಅಮ್ಮ ಶುರುಮಾಡಿದಳು.

"ಇಲ್ಲಮ್ಮ," ಎಂದಳು ಜಿಪರ್. "ಎರಡು ವರ್ಷ ಎಲ್ಲರ ಹತ್ರಾನೂ ನೀನೇ ಹೇಳಿದೀಯ. ನಾನು ಓಡಿಹೋದವಳಲ್ಲ. ನಿನ್ನ ಗಂಡ ಹೊಡೆದು ಹೊರಗೆ ಹಾಕಿದಾಗ ನಾನು ಬಾಗಿಲು ಬಡಿದೆ, ಮೂರು ಸಲಾನೂ ಬಡಿದೆ. ನೀನು ಒಳಗಿದ್ದೆ."

ಅಮ್ಮನ ಕೈ ಪಾದದ ಮೇಲೆ ನಿಂತಿತು. ಅವಳು ತಲೆ ಎತ್ತಿ, "ಹೇಳು. ಎಲ್ಲಾ ಹೇಳು. ನಾನು ಎದ್ದು ಹೋಗಲ್ಲ," ಎಂದಳು.

ಜಿಪರ್ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳತೊಡಗಿದಳು.